ಮಾತಿಲ್ಲದ ಚಿತ್ರದ ಮೇಲೊಂದು ಚರ್ಚೆ

ಚಿತ್ರಮಂದಿರದ ಬಾಗಿಲು ಕಾಯುವ ಒದೀಲ್‌ಳ ಕಾಲು ಸೋತಿತ್ತು. ಕಾರ್ಟೂನ್ ಚಿತ್ರದಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಊರಿನ ರೂಢಿಯಂತೆ ಆಮೇಲೆ ಶುರುವಾದ ಚರ್ಚೆ ಮಾತ್ರ ಎರಡು ಗಂಟೆ ದಾಟಿತ್ತು.

"ಮೌನವೂ ಒಂದು ಭಾಷೆ," ಎಂದು ಗಾರಿಗೂ ಎಂಬ ನಿವೃತ್ತ ಮೇಷ್ಟ್ರು ಮೂರನೇ ಸಲ ಕೊರೆದರು.

"ಏನ್ ಭಾಷೆನೋ! ಸ್ಪೀಕರ್ ಕೆಟ್ಟಿದೆ ಅಂತ ಒದೀಲ್ ಹತ್ರ ಎರಡು ಸಲ ಜಗಳ ಆಡಿ ಬಂದೆ," ಎಂದು ಬೇಕರಿಯ ವಿದಲಂಕಮ್ಮ ಸಿಡುಕಿದರು.

ಆಗ, ಪ್ರತಿ ಚಿತ್ರಕ್ಕೂ ಬಂದು ನಿದ್ದೆ ಹೊಡೆಯುತ್ತಿದ್ದ, ಕಿವಿ ಕೇಳದ ಮುದುಕ ಬಾಸ್ತೀದ್ ಎದ್ದುನಿಂತರು.

"ಇವತ್ತು ನಿಮ್ಮಷ್ಟೇ ನಂಗೂ ಅರ್ಥ ಆಯ್ತು."

ಒಬ್ಬಿಬ್ಬರು ಕುರ್ಚಿಯಿಂದ ಏಳತೊಡಗಿದರು. ಸದ್ಯ ಮುಗಿಯಿತಲ್ಲ ಎಂದು ಒದೀಲ್ ಬೀಗದಕೈ ತೆಗೆದಳು.

"ಎಂಥಾ ಮಾತು! ಇದರ ಮೇಲೂ ಚರ್ಚೆ ಆಗ್ಲೇಬೇಕು," ಎಂದ ಗಾರಿಗೂ ಮೇಷ್ಟ್ರು, ಬಾಸ್ತೀದ್‌ಗೆ ಬೆನ್ನು ತಿರುಗಿಸಿ ನಿಂತು, ಮತ್ತೆ ಶುರುಮಾಡಿದರು.