ರೆಫರಿ ತಂಗಿದ್ದ ಮನೆ

ನಮ್ಮೂರು ಉಂಬುರಾನಕ್ಕೆ ಬಂದವರು ತಂಗಲು ಇರುವುದು ಒಂದೇ ವಸತಿಗೃಹ. ಅದರ ಒಡತಿ ದೋನಾ ಲಿಂಡಾಲ್ವಾ, ನನ್ನ ಪಕ್ಕದ ಮನೆಯಾಕೆ. ಆಕೆಯ ಮಗ ಜೆನಿವಾಲ್ ನಮ್ಮೂರ ಫುಟ್‌ಬಾಲ್ ತಂಡದ ಮುಂಪಡೆ ಆಟಗಾರ. ನಾವು ಆಡುವುದು ರಾಜ್ಯದ ಎರಡನೇ ದರ್ಜೆಯ ಲೀಗಿನಲ್ಲಿ. ಅಲ್ಲಿ ರೆಫರಿಗಳೂ ಬಸ್ಸಿನಲ್ಲೇ ಬರುತ್ತಾರೆ. ಆ ಭಾನುವಾರ ಬಂದವನು ಎವೆರಾಲ್ಡು ಎಂಬ ಸಣಕಲ. ಅವನಿಗೆ ವಾಪಸ್ ಬಸ್ಸು ಸೋಮವಾರ ಬೆಳಿಗ್ಗೆಯೇ.

ಮಧ್ಯಾಹ್ನ ದೋನಾ ಅವನಿಗೆ ಮೇಕೆ ಮಾಂಸವನ್ನು ಎರಡೆರಡು ಸಲ ಬಡಿಸಿದಳು. "ತಿನ್ನಪ್ಪಾ, ಬಿಸಿಲಲ್ಲಿ ಓಡಬೇಕಲ್ಲ."

ಕೊನೆಯ ನಿಮಿಷದವರೆಗೂ ಆಟದಲ್ಲಿ ಗೋಲೇ ಬೀಳಲಿಲ್ಲ. ಆಗ ಜೆನಿವಾಲ್ ಚೆಂಡನ್ನು ಬಲೆಗೆ ನೂಕಿದ. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾಗಲೇ ಸೀಟಿ ಕೇಳಿಸಿತು. ಚೆಂಡು ಕೈಗೆ ತಾಗಿದೆ, ಗೋಲಿಲ್ಲ!

ದೋನಾ ಬೆಂಚಿನ ಮೇಲೆ ಹತ್ತಿ ನಿಂತಳು. "ಲೋ ಕಳ್ಳಾ! ನನ್ನ ಮನೆ ಊಟ ತಿಂದು ನನ್ನ ಮಗನ ಬಾಯಿಗೇ ಮಣ್ಣು ಹಾಕ್ತೀಯಾ? ಚೀಲ ನನ್ನ ಮನೇಲೇ ಇದೆ, ಬರ್ತೀಯಲ್ಲಾ, ಬಾ!"

ಪಾಪ, ಎವೆರಾಲ್ಡು ಆಟ ಮುಗಿದ ಮೇಲೆ ಚರ್ಚಿನ ಮುಂದೆ ಅರ್ಧ ಗಂಟೆ ಕೂತಿದ್ದ. ಕೊನೆಗೆ ಧೈರ್ಯ ಮಾಡಿ ವಸತಿಗೃಹದ ಒಳಗೆ ಹೋದ. ಉಪ್ಪು ಕೇಳುವ ನೆಪ ಹೂಡಿ ನಾನೂ ಹಿಂದೆಯೇ ನುಗ್ಗಿದೆ.

ಅಡುಗೆಮನೆಯಲ್ಲಿ ದೋನಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಎಲ್ಲಿ ತಾಗ್ತು, ಹೇಳು."

"ಮುಂಗೈಗೆ, ಅಮ್ಮಾ," ಎಂದ ರೆಫರಿ, ಬಾಗಿಲ ಬಳಿಯೇ ನಿಂತು.

ಊಟಕ್ಕೆ ಕೂತಿದ್ದ ಜೆನಿವಾಲ್ ಎದ್ದುಬಿಟ್ಟ. "ಎದೆಗಮ್ಮಾ! ನಿನ್ನಾಣೆಗೂ ಎದೆಗೇ!"

ದೋನಾ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಮಗನ ಎದೆಗೆ ಗುರಿಯಿಟ್ಟು ಬೀಸಿ ಎಸೆದಳು. ಅವನ ಬಲಗೈ ತಾನಾಗಿಯೇ ಮೇಲೆದ್ದಿತು. ಕಿತ್ತಳೆ ಮುಂಗೈಗೆ ಬಡಿದು ಹುರುಳಿಕಾಳಿನ ಪಾತ್ರೆಗೆ ಬಿತ್ತು.

ನಗು ತಡೆಯಲಾಗದೆ ನಾನು ಗೋಡೆ ಕಡೆ ತಿರುಗಿದೆ.

"ಅದು... ಕೈ ತಾನಾಗೇ ಹೋಗುತ್ತಮ್ಮಾ," ಎಂದ ಜೆನಿವಾಲ್.

"ನನ್ನ ಮೇಲೆ ಆಣೆ ಇಟ್ಯಲ್ಲೋ! ನಾನು ಸತ್ತೇ ಹೋಗಿದ್ರೆ?" ಅವನ ತಟ್ಟೆಯನ್ನು ಎಳೆದು ರೆಫರಿಯ ಮುಂದಿಟ್ಟಳು. "ಕೂತ್ಕೋಪ್ಪಾ. ಕಳ್ಳ ಅಂದಿದ್ದು ವಾಪಸ್ ತಗೊಂಡೆ. ಆದ್ರೆ ಮೊದಲರ್ಧದಲ್ಲಿ ನೀನು ಕೊಡದೇ ಹೋದ ಆ ಕಾರ್ನರ್ ಕಿಕ್ ನಮ್ದೇ."

ಎವೆರಾಲ್ಡು ಸ್ವಲ್ಪ ಹೊತ್ತು ಅಗಿದ. "ಅದು ನಿಮ್ದೇ ಇರಬಹುದು, ಅಮ್ಮಾ."

ಆ ವರ್ಷ ಒಂದೇ ಅಂಕದಿಂದ ಮೇಲಿನ ದರ್ಜೆ ನಮ್ಮ ಕೈತಪ್ಪಿತು. ಮರುವರ್ಷ ಕೋಚ್ ಜೊತೆ ಮಾತಾಡಿ, ದೋನಾ ಮಗನನ್ನು ಗೋಲ್‌ಕೀಪರ್ ಮಾಡಿಸಿದಳು. ಸುಳ್ಳೇಕೆ, ಚೆನ್ನಾಗಿಯೇ ಹಿಡಿಯುತ್ತಾನೆ.