ಮೂವತ್ತೆಂಟು ಆರ್ಡರ್

"ಅಣ್ಣಾ, ನನ್ನ ಕೆಲಸ ಹೋಯ್ತು ಕಣೋ!"

ಅತ್ತೆ ಚಪ್ಪಲಿನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ್ರು. ನಾನು ಪರೀಕ್ಷೆಗೆ ಓದ್ತಿದ್ದೆ, ಅಂದ್ರೆ ಪುಸ್ತಕ ತೆರೆದಿಟ್ಟು ಬಿಸ್ಕತ್ತು ತಿಂತಿದ್ದೆ. ತಮಾಷೆ ಅಂದ್ಕೊಂಡು ಕಿಸಕ್ಕಂದೆ. ಅಪ್ಪ ನಗ್ಲಿಲ್ಲ.

ಅಪ್ಪ ಊರೂರು ಸುತ್ತಿ ಬೀಗ, ಚಿಲಕ ಮಾರೋ ಸೇಲ್ಸ್‌ಮನ್. ಅಪ್ಪನ ತಂಗಿ, ಅಂದ್ರೆ ನಮ್ಮತ್ತೆ, ಅದೇ ಕಂಪನಿ ಆಫೀಸಲ್ಲಿ. ಸೇಲ್ಸ್‌ನೋರೆಲ್ಲ ದಿನಾ ಸಂಜೆ ಲಾಡ್ಜಿನ ಫೋನ್ ವೈರನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆರ್ಡರ್ ಕಳಿಸ್ಬೇಕು. ಅದು ಕೀಂ ಕುಂಯ್ ಅಂತ ಅರ್ಧ ಗಂಟೆ ಅಳೋದು, ಆಮೇಲೆ ಲೈನ್ ಕಟ್. ಆಗ ಎಲ್ರೂ ಅತ್ತೆಗೇ ಫೋನ್ ಮಾಡೋರು. ಅವ್ರು ಹೇಳಿದ್ದನ್ನ ಅತ್ತೆ ಟೈಪ್ ಮಾಡೋರು. ಕೆಮ್ಮು ಕೇಳಿದ್ರೇ ಯಾವೂರಿನ ಆರ್ಡರ್ ಅಂತ ಹೇಳ್ಬಿಡೋರು!

ಕೊನೆಗೆ ರೋಸಿಹೋಗಿ, ಆಫೀಸಿಗೆ ಫಾಸ್ಟ್ ಲೈನ್ ಹಾಕ್ಸಿ ಅಂತ ಅಪ್ಪನೇ ಕಂಪನಿಗೆ ಅರ್ಜಿ ಹಾಕಿದ್ರು. 'ದಿನಕ್ಕೆ ಮೂವತ್ತೆಂಟು ಆರ್ಡರ್ ಫೋನಲ್ಲೇ ಬರೆಸ್ತಿದೀವಿ' ಅಂತ ಸಾಕ್ಷಿ ಬೇರೆ. ಆ ಮೂವತ್ತೆಂಟು ಎಣಿಸಿ ಕೊಟ್ಟಿದ್ದು ಅತ್ತೆ. ನೀಟಾಗಿ ಬರೆದಿದ್ದು ನಾನು. ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ಳೋದು ಅಂದ್ರೆ ಇದೇ.

ಹೊಸ ಲೈನ್ ಬಂದು ಮೂರು ವಾರ ಆಯ್ತು. ಎರಡೇ ನಿಮಿಷಕ್ಕೆ ಆರ್ಡರ್ ಹೋಗುತ್ತೆ.

"ಮೊದಲ ದಿನ ರಿಂಗೇ ಆಗ್ಲಿಲ್ಲ, ಫೋನ್ ಕೆಟ್ಟಿದೆ ಅಂತ ಎತ್ತೆತ್ತಿ ನೋಡ್ದೆ" ಅಂದ್ರು ಅತ್ತೆ. "ಕೆಟ್ಟಿರ್ಲಿಲ್ಲ."

"ನಾನು ಮ್ಯಾನೇಜರ್ ಹತ್ರ ಮಾತಾಡ್ತೀನಿ ಕಣೇ."

"ಏನಂತ? ಲೈನು ಮತ್ತೆ ನಿಧಾನ ಮಾಡಿ ಅಂತಾನಾ?"

ಅತ್ತೆನೇ ನಕ್ರು. ನಗು ಅರ್ಧಕ್ಕೇ ನಿಂತ್ಹೋಯ್ತು. "ಐವತ್ತಕ್ಕೆ ಬಂದೆ ಅಣ್ಣಾ. ಟೈಪಿಂಗ್ ಬಿಟ್ರೆ ಇನ್ನೇನು ಬರುತ್ತೆ ನಂಗೆ? ಯಾರು ಕರೀತಾರೆ?"

ಅಪ್ಪ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ವೈರನ್ನ ಬೆರಳಿಗೆ ಸುತ್ತಿದ್ರು, ಬಿಚ್ಚಿದ್ರು, ಮತ್ತೆ ಸುತ್ತಿದ್ರು. ನಾನು ಬಿಸ್ಕತ್ತಿನ ಪೊಟ್ಟಣ ಮುಚ್ಚಿಟ್ಟೆ.

"ನಾಳೆ ನಾನು ಮ್ಯಾನೇಜರ್ ರೂಮಲ್ಲಿ ಕೆಲಸ ಬಿಡೋ ಕಾಗದಕ್ಕೆ ಸೈನ್ ಹಾಕ್ಬೇಕಂತೆ" ಅಂದ್ರು ಅತ್ತೆ. "ನೀನೂ ಬರ್ಬೇಕಂತೆ."

"ನಾನ್ಯಾಕೆ?"

"ಹೊಸ ಲೈನು ಎಷ್ಟು ಜೋರು ಅಂತ ದೊಡ್ಡ ಸಾಹೇಬ್ರಿಗೆ ತೋರಿಸ್ಬೇಕಂತೆ. ಅರ್ಜಿ ಹಾಕಿದ್ದು ನೀನೇ ಅಲ್ವಾ?" ಅತ್ತೆ ಬಗ್ಗಿ ಚಪ್ಪಲಿ ಸರಿಮಾಡ್ಕೊಂಡ್ರು. "ನನ್ನ ಮೇಜಿನ ಫೋನ್ ವೈರನ್ನೇ ನಿನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸ್ತಾರಂತೆ. ಹತ್ತು ಗಂಟೆಗೆ. ತಡ ಮಾಡ್ಬೇಡ."