ಎರಡನೇ ಗೇರು

"ತಳ್ರಪ್ಪಾ, ಎಲ್ಲರೂ ಒಂದೇ ಸಲಕ್ಕೆ!" ಎಂದು ವೆಲ್ಡರ್ ಕೂಗಿದ. ಅಷ್ಟೂ ಜನ ಬೆನ್ನು ಕೊಟ್ಟು, ಕೆನ್ನೆ ಉಬ್ಬಿಸಿ ತಳ್ಳಿದರು. ಗೇಟಿಗೆ ಅಡ್ಡವಾಗಿ ನಿಂತಿದ್ದ ಜೀಪು ಒಂದು ಗೇಣೂ ಕದಲಲಿಲ್ಲ. ಬೀದಿಯಲ್ಲಿ ಕಾಯುತ್ತಿದ್ದ ಶವದ ಗಾಡಿಯವನು ಒಳಗೆ ಬರಲಾಗದೆ ಒಮ್ಮೆ ಹಾರ್ನ್ ಒತ್ತಿದ, ಸಾವಿನ ಮನೆ ಎಂಬುದು ನೆನಪಾಗಿ ಬೆಚ್ಚಿ ಕೈ ತೆಗೆದ.

ಸತ್ತವರ ಹೆಂಡತಿ ಮಲಗುವ ಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಆಕೆಯ ಒಂದು ಕೈಯಲ್ಲಿ ಗಂಡನ ಕರಿ ಶೂ, ಇನ್ನೊಂದರಲ್ಲಿ ಕೆಸರು ಒಣಗಿದ ಬೂಟು. ಯಾವುದನ್ನು ಹಾಕಿ ಕಳಿಸೋದು ಎಂದು ಮಗಳು ಕೇಳಿ ಹೋಗಿ ಎಷ್ಟೋ ಹೊತ್ತಾಗಿತ್ತು. ಶೂ ಹಾಕಿಕೊಂಡು ವಾರವಿಡೀ ಕನ್ನಡಕದಂಗಡಿಯಲ್ಲಿ ಕೂರುತ್ತಿದ್ದವರು ಒಬ್ಬರು, ಬೂಟು ಹಾಕಿಕೊಂಡು ಭಾನುವಾರ ಆ ಜೀಪಿನಲ್ಲಿ ಗುಡ್ಡ ಹತ್ತಲು ಹೋಗುತ್ತಿದ್ದವರು ಇನ್ನೊಬ್ಬರು. ಮೊನ್ನೆ ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಆ ಹೊತ್ತಿಗೆ ಕಾಲಲ್ಲಿ ಶೂವೂ ಇರಲಿಲ್ಲ, ಬೂಟೂ ಇರಲಿಲ್ಲ.

"ಹ್ಯಾಂಡ್‌ಬ್ರೇಕ್ ಎಳೆದಿದೆ ಕಣ್ರೋ! ಗೋಡೆ ತಳ್ಳಿದ ಹಾಗೆ ತಳ್ತಿದೀರಲ್ಲ!" ಮೈದುನ ಎಲ್ಲಿಂದಲೋ ಓಡಿಬಂದು, ಜೀಪು ಹತ್ತಿ ಕೂತು, ಇಂಜಿನ್ ಶುರುಮಾಡಿ ಹಿಂದಕ್ಕೆ ತೆಗೆದ. ಆ ಸದ್ದಿಗೆ ಮನೆಯೊಳಗೆ ಅಳುತ್ತಿದ್ದವರೂ ಬಾಗಿಲ ಕಡೆ ತಿರುಗಿದರು. ಯಾರೋ ಎದ್ದು ಹೊರಟರು ಎನ್ನುವಂತಿತ್ತು.

ಸ್ವಲ್ಪ ಹೊತ್ತಿಗೆ ಮೈದುನ ಕೋಣೆಗೆ ಬಂದ. ಬಣ್ಣದಂಗಡಿ ಇಟ್ಟುಕೊಂಡವನು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ ಇರುತ್ತದೆ. ಇವತ್ತು ಹಸಿರು.

"ಅತ್ತಿಗೆ, ಇದು ಹೇಳೋ ಹೊತ್ತಲ್ಲ, ಗೊತ್ತು."

"ಹಾಗಾದ್ರೆ ಹೇಳಬೇಡಪ್ಪ."

"ಹೇಳದಿದ್ರೆ ಹೊಟ್ಟೆಯೊಳಗೇ ಕೊಳೆಯುತ್ತೆ. ಈ ಗಾಡಿನ ಅಣ್ಣ ನನಗೆ ಕೊಡ್ತೀನಿ ಅಂದಿದ್ದ. ‘ನನ್ನ ನಂತರ ಇದು ನಿಂದೇ ಕಣೋ’ ಅಂತ ಭುಜ ತಟ್ಟಿ ಹೇಳಿದ್ದ. ಮಣ್ಣು ಮುಗಿಸ್ಕೊಂಡು ಸಾಯಂಕಾಲ ಹಾಗೇ ನಮ್ಮನೆಗೆ ಒಯ್ಯಲಾ? ನಿಮ್ಮ ಕಣ್ಣ ಮುಂದೆ ಇದ್ರೆ ನಿಮಗೂ ಸಂಕಟ."

ಆಕೆ ಹೂಂ ಎಂದಳೋ ಊಹೂಂ ಎಂದಳೋ ಆಕೆಗೇ ತಿಳಿಯಲಿಲ್ಲ. ಅವನು ಕಣ್ಣೊರೆಸಿಕೊಂಡು ಹೋದ. ಅವನ ಬೆನ್ನ ಹಿಂದೆಯೇ ವೆಲ್ಡರ್ ಬಾಗಿಲಲ್ಲಿ ನಿಂತ. ಆ ಜೀಪಿನ ಕೆಳಗೆ ಮಲಗಿ ಅರ್ಧ ಆಯುಷ್ಯ ಕಳೆದವನು. ಇವತ್ತು ಬಿಳಿ ಅಂಗಿ ಹಾಕಿ ಯಾರದೋ ಮದುವೆ ಗಂಡಿನ ಹಾಗೆ ಕಾಣುತ್ತಿದ್ದ.

"ಅಕ್ಕಾ, ತಪ್ಪು ತಿಳೀಬೇಡಿ. ಗಾಡಿ ಮಾರೋಕೆ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಭಾವ ಅದನ್ನ ನನಗೆ ಕೊಡ್ತೀನಿ ಅಂದಿದ್ರು."

"ನಿನಗಾ?"

"ಹೂಂ ಅಕ್ಕಾ. ‘ನನ್ನ ನಂತರ ಇದು ನಿಂದೇ’ ಅಂತ. ಆಣೆಗೂ."

ಅಷ್ಟರಲ್ಲಿ ಮಗಳು ಬಂದು, "ಅಮ್ಮ, ಇನ್ನೂ ಹಾಗೇ ನಿಂತಿದೀಯಾ? ಕೊಡು ಇಲ್ಲಿ," ಎಂದು ಕೈ ಚಾಚಿದಳು. ಆಕೆಯ ಎಡಗೈ ಮುಂದೆ ಹೋಯಿತು. ಬೂಟು ಇದ್ದದ್ದು ಅದರಲ್ಲಿ.

•

ಆ ಜೀಪು ಮನೆಗೆ ಬಂದಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಯಾವುದೋ ಇಲಾಖೆಯವರು ಹರಾಜಿಗೆ ಹಾಕಿದ ಗಾಡಿ. ಬಂತು ಎನ್ನುವುದಕ್ಕಿಂತ ಲಾರಿಯ ಮೇಲಿಂದ ಇಳಿಯಿತು ಎನ್ನಬೇಕು. ಚಕ್ರ ಮೂರೇ ಇದ್ದವು, ನಾಲ್ಕನೆಯದು ಒಳಗೆ ಸೀಟಿನ ಮೇಲೆ ಕೂತಿತ್ತು.

"ಏನಿದು, ಗುಜರಿಯವನು ಮನೆ ತಪ್ಪಿ ಬಂದನಾ?" ಎಂದಳು ಆಕೆ.

"ಸರಿಮಾಡಿ ಮಾರೋಣ ಅಂತ ತಂದೆ ಕಣೇ."

"ಖಂಡಿತ ಮಾರ್ತೀರಾ?"

"ಎಲ್ಲ ಸರಿಯಾದ ದಿನವೇ ಮಾರ್ತೀನಿ. ಕೆಟ್ಟ ಗಾಡಿ ಮಾರೋದು ಮೋಸ ಅಲ್ವಾ?"

ಅದಕ್ಕೆ ಆಕೆ ಎದುರು ಹೇಳುವ ಹಾಗಿರಲಿಲ್ಲ. ಸಣ್ಣ ಗೀರು ಬಿದ್ದ ಗಾಜನ್ನೂ ಗಿರಾಕಿಗೆ ಕೊಡದೆ ಎತ್ತಿಡುತ್ತಿದ್ದ ಮನುಷ್ಯ. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಆದ್ದರಿಂದ ಆಕೆ ನಂಬಿದಳು, ಕಾಯತೊಡಗಿದಳು. ಇಂಜಿನ್ ಆಯಿತು. "ಇನ್ನೇನು ಬಾಕಿ?" ಎಂದು ಕೇಳಿದಳು. "ಸ್ಟಿಯರಿಂಗ್ ಸ್ವಲ್ಪ ಅಲ್ಲಾಡುತ್ತೆ." ಅದೂ ಆಯಿತು. ಸ್ಪ್ರಿಂಗು ಎತ್ತರಿಸಿದರು, ದಪ್ಪ ಚಕ್ರ ಹಾಕಿಸಿದರು. ಹೊಳೆ ನೀರಿನಲ್ಲಿ ಇಂಜಿನ್ ಉಸಿರಾಡಲಿ ಎಂದು ಮೂಗಿನ ಹಾಗೆ ಒಂದು ಕೊಳವೆ ಮೇಲಕ್ಕೇರಿಸಿದರು. "ಮಾರೋ ಗಾಡಿಗೆ ಇಷ್ಟು ಸಿಂಗಾರ ಯಾಕೆ?" ಎಂದರೆ, "ಒಳ್ಳೆ ಕಡೆ ಹೋಗಿ ಸೇರಲಿ," ಎನ್ನುತ್ತಿದ್ದರು. ಹೆಣ್ಣುಮಗಳ ಸುದ್ದಿ ಹೇಳಿದ ಹಾಗೆ.

"ಇನ್ನೇನು ಬಾಕಿ?" ಎಂಬುದು ಬರಬರುತ್ತಾ ಆಕೆಗೆ "ಊಟಕ್ಕೆ ಬನ್ನಿ" ಎನ್ನುವಷ್ಟೇ ಅಭ್ಯಾಸದ ಮಾತಾಯಿತು. ಉತ್ತರವೂ ಅಷ್ಟೇ: "ಒಂದೇ ಒಂದು."

•

ಸ್ಮಶಾನ ಊರ ಹೊರಗೆ ಗುಡ್ಡದ ಮೇಲಿತ್ತು. ಹಿಂದಿನ ದಿನ ಮಳೆ ಬಿದ್ದು ಏರುದಾರಿಯ ಜೇಡಿಮಣ್ಣು ಬೆಣ್ಣೆಯಾಗಿತ್ತು. ಪೆಟ್ಟಿಗೆ ಹೊತ್ತ ಶವದ ಗಾಡಿ ಮೊದಲ ತಿರುವಿನಲ್ಲೇ ನಿಂತಲ್ಲಿ ಚಕ್ರ ತಿರುಗಿಸಿ, ಹಿಂದಿನವರಿಗೆಲ್ಲ ಕೆಸರು ಎರಚಿ, ಓರೆಯಾಗಿ ಚರಂಡಿಯತ್ತ ಜಾರಿ ನಿಂತಿತು.

"ನನ್ನ ಕೈಲಾಗಲ್ಲ," ಎಂದ ಅದರ ಚಾಲಕ. "ಹೊತ್ಕೊಂಡು ಹೋಗಿ."

"ಹೊತ್ತವರು ಜಾರಿದ್ರೆ? ಪೆಟ್ಟಿಗೆ ಮತ್ತೆ ಊರಿಗೇ ಹೋಗುತ್ತೆ," ಎಂದ ವೆಲ್ಡರ್.

ಆಗ ಎಲ್ಲರೂ ಭಾನುವಾರದ ಗೆಳೆಯರ ಕಡೆ ತಿರುಗಿದರು. ಗುಡ್ಡ, ಬಂಡೆ, ಹೊಳೆ ಎಂದು ಗಾಡಿ ಹತ್ತಿಸುವುದನ್ನೇ ಜಪ ಮಾಡುವ ಗುಂಪು ಅದು. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿಂದೆ ಸಾಲಾಗಿ ನಿಂತದ್ದು ತೊಳೆದು ಒರೆಸಿದ ಪುಟ್ಟ ಪುಟ್ಟ ಕಾರುಗಳು.

"ಸಾವಿಗೆ ಕೆಸರು ಗಾಡೀಲಿ ಬರೋದು ಗೌರವ ಅಲ್ಲ ಅಂತ..." ಎಂದು ಗುಂಪಿನ ಹಿರಿಯ, ಹಲ್ಲಿನ ಡಾಕ್ಟರು, ತಲೆ ತಗ್ಗಿಸಿದರು. "ಎಲ್ಲರೂ ಹೆಂಡ್ತಿ ಕಾರು ತಂದಿದೀವಿ."

ಕೊನೆಗೆ ಉಳಿದದ್ದು ಮೈದುನ ಓಡಿಸಿಕೊಂಡು ಬಂದಿದ್ದ ಆ ಜೀಪೇ. ಅವನು ನಾಲ್ಕೂ ಚಕ್ರಕ್ಕೆ ಎಳೆತ ಕೂಡಿಸಿ, ಬರಿಗಾಡಿಯಲ್ಲಿ ಒಂದು ಸಲ ಹತ್ತಿ ನೋಡಲು ಹೊರಟ. ತಿರುವಿನ ತನಕ ಹೋಯಿತು. ಆಮೇಲೆ ಒಳಗೆಲ್ಲೋ ಟಕ್ ಎಂದಿತು. ಇಂಜಿನ್ ಸುಮ್ಮನೆ ಕಿರುಚಿತು. ಜೀಪು ಹಿಂದುಹಿಂದಕ್ಕೆ ಜಾರಿ ಬಂತು. ಜನ ಚೆಲ್ಲಾಪಿಲ್ಲಿಯಾದರು.

"ಸೆಕೆಂಡ್ ಗೇರ್ ಬಿಟ್ಕೊಳ್ತಾ ಇದೆ!" ಎಂದು ಮೈದುನ ಕಿಟಕಿಯಿಂದ ತಲೆ ಹೊರಹಾಕಿದ. "ಪಕ್ಕದಲ್ಲಿ ಕೂತು ಒಬ್ಬರು ಹಿಡ್ಕೋಬೇಕು."

"ಗೊತ್ತು," ಎಂದ ವೆಲ್ಡರ್.

"ಗೊತ್ತು," ಎಂದಳು ಮಗಳು.

"ಫಸ್ಟಲ್ಲಿ ಹೋದ್ರೆ ಚಕ್ರ ನಿಂತಲ್ಲೇ ಉಜ್ಜುತ್ತೆ, ಥರ್ಡಲ್ಲಿ ಹೋದ್ರೆ ಇಂಜಿನ್ ಸತ್ತೇ..." ವೆಲ್ಡರ್ ನಾಲಿಗೆ ಕಚ್ಚಿಕೊಂಡ. "ಸೆಕೆಂಡೇ ಬೇಕು. ನಾನು ಓಡಿಸ್ತೀನಿ, ಇಳೀರಿ. ಹೇಗಿದ್ರೂ ನಾಳೆಯಿಂದ ನಾನೇ ಓಡಿಸೋದು."

"ಯಾವ ಲೆಕ್ಕದಲ್ಲಿ?" ಮೈದುನ ಇಳಿದೇ ಬಂದ. "ಅಣ್ಣ ನನಗೆ ಮಾತು ಕೊಟ್ಟಿದ್ದಾನೆ."

"ಚಿಕ್ಕಪ್ಪಾ, ನಿಮಗೂ ಹೇಳಿದ್ರಾ?" ಮಗಳ ದನಿ ಬದಲಾಯಿತು. "ನನಗೆ ಹೇಳಿದ್ರು ಅಪ್ಪ. ಬಂಡೆಗುಡ್ಡ ಹತ್ತಿ ಮೇಲೆ ನಿಂತಾಗ. ನಾನು ಗೇರ್ ಹಿಡ್ಕೊಂಡು ಕೈಯೆಲ್ಲ ನಡುಗ್ತಿತ್ತು, ‘ಭಲೇ ಮಗಳೇ, ನನ್ನ ನಂತರ ಇದು ನಿಂದೇ’ ಅಂದ್ರು."

"ನನಗೆ ಹೊಳೆ ದಾಟಿಸಿದಾಗ," ಎಂದ ವೆಲ್ಡರ್, ದನಿ ಇಳಿಸಿ.

ಹಲ್ಲಿನ ಡಾಕ್ಟರು ಕೆಮ್ಮಿದರು. "ಅದು... ಹೇಳಬಾರದು ಅಂತಿದ್ದೆ. ನಮಗೂ ಎಲ್ಲರಿಗೂ ಹೇಳಿದಾರೆ."

ಗೆಳೆಯರ ಗುಂಪಿನಲ್ಲಿ ತಲೆಗಳು ಒಂದೊಂದಾಗಿ ಆಡಿದವು. ಯಾರೋ ಕಿಸಕ್ಕನೆ ನಕ್ಕು, ಪೆಟ್ಟಿಗೆಯ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು.

ಆಕೆ ಲೆಕ್ಕ ಹಾಕಿದಳು. ಗಂಡ ಎಲ್ಲರಿಗೂ ಗಾಡಿ ಕೊಟ್ಟು ಹೋಗಿದ್ದರು, ಆಕೆಯೊಬ್ಬಳನ್ನು ಬಿಟ್ಟು. ಆಕೆಗೆ ಹೇಳಿದ್ದು ಮಾರುತ್ತೇನೆ ಎಂದು. ಕಿವಿ ಕೆಂಪಾಗದೆ ಅದನ್ನು ಹೇಳುತ್ತಿದ್ದರಲ್ಲ? ಅಡ್ಡಗೋಡೆಯ ಮೇಲೆ ದೀಪ ಇಟ್ಟವರ ಹಾಗೆ ಈ ಕಡೆಗೂ ಬೆಳಕು ಆ ಕಡೆಗೂ ಬೆಳಕು, ನಡುವೆ ಕೂತ ಮನುಷ್ಯ ಮಾತ್ರ ಕತ್ತಲಲ್ಲಿ.

"ಅಷ್ಟೆಲ್ಲ ಸರಿಮಾಡಿದವರು ಈ ಗೇರೊಂದನ್ನ ಯಾಕೆ ಬಿಟ್ರು?" ಎಂದು ಕೇಳಿದಳು.

"ನಾನೇ ಕೇಳಿದ್ದೆ ಅಕ್ಕಾ," ಎಂದ ವೆಲ್ಡರ್. "ಒಳ್ಳೆ ಗೇರ್‌ಬಾಕ್ಸ್ ಹುಡುಕಿ ತಂದೂ ಇಟ್ಟಿದ್ದೆ. ಬೇಡ ಅಂದ್ರು. ‘ಇದು ಸರಿಯಾದ್ರೆ ಎಲ್ಲ ಸರಿಯಾಗಿಬಿಡುತ್ತಲ್ಲೋ’ ಅಂದ್ರು. ನನಗೆ ತಲೆಬುಡ ತಿಳೀಲಿಲ್ಲ."

"ಪಕ್ಕದಲ್ಲಿ ಕೂತವರಿಗೆ ನಿದ್ದೆ ಬರಬಾರದು ಅಂತ ಹಾಗೆ ಬಿಟ್ಟಿದೀನಿ ಅಂದಿದ್ರು ನನ್ಹತ್ರ," ಎಂದರು ಡಾಕ್ಟರು.

"ಜಿಪುಣತನ, ಇನ್ನೇನು," ಎಂದ ಮೈದುನ.

ವೆಲ್ಡರನಿಗೆ ತಿಳಿಯದ್ದು ಆಕೆಗೆ ತಿಳಿಯಿತು. ಎಲ್ಲ ಸರಿಯಾದ ದಿನ ಮಾರುತ್ತೇನೆ ಎಂದಿದ್ದರು; ಸರಿಯಾಗಲು ಬಿಟ್ಟಿರಲಿಲ್ಲ, ಅಷ್ಟೆ. ಹೆಂಡತಿಗೆ ಕೊಟ್ಟ ಮಾತೂ ಸುಳ್ಳಾಗಲಿಲ್ಲ, ಗಾಡಿಯೂ ಉಳಿಯಿತು. ಇದಕ್ಕೆ ನಗಬೇಕೋ, ಪೆಟ್ಟಿಗೆಯ ಮುಚ್ಚಳ ತೆಗೆದು ಜಗಳ ಆಡಬೇಕೋ ಆಕೆಗೆ ಗೊತ್ತಾಗಲಿಲ್ಲ. ಡಾಕ್ಟರು ಹೇಳಿದ್ದೂ ಸುಳ್ಳಿರಲಾರದು ಅನಿಸಿತು. ಮೈದುನ ಹೇಳಿದ್ದೂ.

•

ಆಕೆಯೂ ಒಮ್ಮೆ ಹೋಗಿದ್ದಳು. ಒಂದೇ ಒಮ್ಮೆ. ಬುತ್ತಿ ಕಟ್ಟಿಕೊಂಡು, ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು. ಗುಡ್ಡದ ನಡುವೆ ಜೀಪು ಮೂತಿ ಮೇಲೆತ್ತಿ ನಿಂತು, ಮುಂದಿನ ಗಾಜಿನಲ್ಲಿ ಬರಿ ಆಕಾಶ ಕಾಣುತ್ತಿತ್ತು. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಇಂಜಿನ್ ಸದ್ದಿನಲ್ಲಿ ಅವರು ಏನೋ ಹೇಳಿದರು. "ಇದನ್ನ ಸ್ವಲ್ಪ ಹಿಡ್ಕೋತೀಯಾ?" ಎಂದಿದ್ದರೇ? "ಸ್ವಲ್ಪ ಗಟ್ಟಿ ಹಿಡ್ಕೊಂಡು ಕೂತ್ಕೋ" ಎಂದಿದ್ದರೇ? ಆಕೆ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ನಿಮ್ಮ ಗಾಡಿ, ನೀವೇ ಹಿಡ್ಕೊಳ್ಳಿ!"

ಅವರು ಕುತ್ತಿಗೆ ಹೊರಳಿಸಿ, ಇಂಚಿಂಚಾಗಿ, ಅಷ್ಟೂ ದಾರಿ ಹಿಂದಕ್ಕೇ ಇಳಿಸಿಕೊಂಡು ಬಂದರು. ಕೆಳಗೆ ಒಂದು ಮರದಡಿ ಬುತ್ತಿ ಬಿಚ್ಚಿ ತಿಂದರು. "ಮೇಲೆ ಏನಿತ್ತು?" ಎಂದು ಆಕೆ ಕೇಳಿದ್ದಕ್ಕೆ, "ಏನಿರುತ್ತೆ? ಗಾಳಿ," ಎಂದಿದ್ದರು.

•

"ನಾನು ಹಿಡ್ಕೋತೀನಿ," ಎಂದಳು ಆಕೆ.

ಯಾರು ಓಡಿಸುವುದು, ಯಾರು ಹಿಡಿಯುವುದು ಎಂದು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡುತ್ತಿದ್ದವರು ತಿರುಗಿ ನೋಡಿದರು.

"ಅತ್ತಿಗೆ, ಅದು ಹುಡುಗಾಟ ಅಲ್ಲ. ರಟ್ಟೆ ಬಿದ್ದುಹೋಗುತ್ತೆ."

"ಬೀಳಲಿ ಬಿಡಪ್ಪಾ. ಇನ್ನು ಯಾರಿಗೆ ಅಡುಗೆ ಮಾಡಬೇಕು ಇದರಲ್ಲಿ?" ಆಕೆ ಆಗಲೇ ಬಾಗಿಲಿಗೆ ಕೈ ಹಾಕಿದ್ದಳು. ಸೀಟು ಎದೆ ಎತ್ತರಕ್ಕಿತ್ತು. ಮಗಳು ಹಿಂದಿನಿಂದ ನೂಕಿದಳು, ವೆಲ್ಡರ್ ಕೈ ಕೊಟ್ಟ. ಮೊಣಕಾಲು ಬಾಗಿಲಿಗೆ ಬಡಿಯಿತು.

ಭಾನುವಾರದ ಗೆಳೆಯರು ಯಾರೂ ಹೇಳದೆಯೇ ಕೆಸರಿನಲ್ಲಿ ಮಂಡಿಯೂರಿದರು. ಒಗೆದು ಇಸ್ತ್ರಿ ಮಾಡಿದ ಪ್ಯಾಂಟುಗಳಲ್ಲಿ, ಒಂದೊಂದು ಚಕ್ರಕ್ಕೆ ಇಬ್ಬಿಬ್ಬರು. ನೆಲವನ್ನು ಅಗಲವಾಗಿ ಕಚ್ಚಿಕೊಳ್ಳಲಿ ಎಂದು ಗಾಳಿ ಇಳಿಸತೊಡಗಿದರು. ನಾಲ್ಕೂ ಚಕ್ರಗಳಿಂದ ಉಸ್ಸೆಂದು ಗಾಳಿ ಹೊರಬಂತು. ಆಮೇಲೆ ಪೆಟ್ಟಿಗೆಯನ್ನು ಜೀಪಿನ ಹಿಂಭಾಗಕ್ಕೆ ಏರಿಸಿ, ತೆರೆದ ಬಾಗಿಲಿಗೆ ಹಗ್ಗ ಬಿಗಿದರು. ಅತ್ತಿತ್ತ ಜಾರದಂತೆ ವೆಲ್ಡರೂ ಮೈದುನನೂ ಅದರ ಎರಡು ಪಕ್ಕ ಕೂತು ಅಪ್ಪಿ ಹಿಡಿದರು.

ಮಗಳು ಓಡಿಸಲು ಕೂತಳು. "ಅಮ್ಮ, ನಾನು ಕ್ಲಚ್ ಒತ್ತಿ ಹೇಳಿದಾಗ ಹಿಂದಕ್ಕೆ ಎಳಿ. ಎಳೆದ ಮೇಲೆ ಬಿಡಬೇಡ. ಅದು ತಪ್ಪಿಸ್ಕೊಳ್ಳೋಕೆ ನೋಡುತ್ತೆ."

"ಗೊತ್ತಾಯ್ತು."

"ಕಣ್ಣು ಮುಚ್ಕೋಬೇಡ."

"ನೀನು ರಸ್ತೆ ನೋಡೇ."

ಜೀಪು ಹೊರಟಿತು. "ಈಗ!" ಎಂದಳು ಮಗಳು. ಆಕೆ ಎರಡೂ ಕೈಯಲ್ಲಿ ಎಳೆದಳು. ಗೇರಿನ ಕಡ್ಡಿ ಒಂದು ಗುಂಡಿಗೆ ಬಿದ್ದ ಹಾಗೆ ಹೋಗಿ ಕೂತಿತು. ಮರುಗಳಿಗೆಯೇ ಅದಕ್ಕೆ ಜೀವ ಬಂತು. ನಡುಗಿತು, ತೊನೆಯಿತು, ಬಲೆಯ ಮೀನಿನ ಹಾಗೆ ಅಂಗೈಯಲ್ಲಿ ಒದ್ದಾಡಿತು. ಆಕೆ ಪಾದಗಳನ್ನು ಮುಂದಕ್ಕೆ ಒತ್ತಿ, ಬೆನ್ನನ್ನು ಸೀಟಿಗೆ ಕೊಟ್ಟು ಹಿಡಿದಳು. ತಿರುವು ಬಂತು. ಮುಂದಿನ ಗಾಜಿನಿಂದ ದಾರಿ ಮಾಯವಾಗಿ ಬರಿ ಆಕಾಶ ಉಳಿಯಿತು. ಹಿಂದಿನಿಂದ ಪೆಟ್ಟಿಗೆ ಕಿರ್ರೆಂದಿತು. "ಹಿಡ್ಕೊಳ್ಳಿ ಅಕ್ಕಾ! ಹಿಡ್ಕೊಳ್ಳಿ!" ಎಂದು ವೆಲ್ಡರ್ ಕೂಗುತ್ತಿದ್ದ. ಮೈದುನ ಅಳುತ್ತಿದ್ದನೋ ನಗುತ್ತಿದ್ದನೋ ಆ ಕುಲುಕಾಟದಲ್ಲಿ ತಿಳಿಯುತ್ತಿರಲಿಲ್ಲ. ಮೊಣಕೈಯಿಂದ ಭುಜದ ತನಕ ಉರಿ ಹತ್ತಿತು. ಅವತ್ತು ಇಂಥ ಸದ್ದಿನ ನಡುವೆ ಅವರ ಮಾತು ತನಗೆ ಹೇಗೆ ತಾನೇ ಸರಿಯಾಗಿ ಕೇಳಿಸಬೇಕಿತ್ತು ಎಂದು ಆಕೆಗೆ ಅನಿಸಿತು. ಅನಿಸುವಷ್ಟರಲ್ಲಿ ನೆಲ ಸಮನಾಯಿತು.

ಮೇಲೆ ಗಾಳಿ ಬೀಸುತ್ತಿತ್ತು. ಗುಂಡಿ ತೋಡಿದವರು ಗುದ್ದಲಿಗೆ ಒರಗಿ ನಿಂತಿದ್ದರು. ಮಗಳು ಇಂಜಿನ್ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು, ಆಮೇಲೆ ತಲೆ ಎತ್ತಿದಳು.

"ಬಂದಾಯ್ತು. ಬಿಡಮ್ಮ."

ಆಕೆ ಬಿಡಲಿಲ್ಲ.

"ಅಮ್ಮ, ಗಾಡಿ ನಿಂತಿದೆ. ಇನ್ನೇನೂ ಆಗಲ್ಲ."

"ಅವರು ಇಳೀಲಿ," ಎಂದಳು ಆಕೆ.

ಹಿಂದೆ ಹಗ್ಗ ಬಿಚ್ಚಿದರು. ಮೈದುನ, ವೆಲ್ಡರ್, ಕೆಸರುಮಂಡಿಯ ಗೆಳೆಯರು, ಎಲ್ಲರೂ ಸೇರಿ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ಹೊರಗೆಳೆದರು. ಭಾರ ಇಳಿದು ಹಿಂದಿನ ಸ್ಪ್ರಿಂಗುಗಳು ಮೆಲ್ಲಗೆ ಮೇಲೆದ್ದವು. ಅವುಗಳ ಜೊತೆ ಆಕೆಯ ಸೀಟೂ ಒಂದಿಷ್ಟು ಮೇಲೆದ್ದಿತು. ಆಕೆ ಮುಂದೆ ನೋಡುತ್ತಾ, ಎರಡೂ ಕೈಗಳಿಂದ ಗೇರನ್ನು ಇನ್ನಷ್ಟು ಬಿಗಿಯಾಗಿ ತನ್ನ ಕಡೆಗೆ ಎಳೆದು ಹಿಡಿದುಕೊಂಡಳು.